ಸಂತಾನವಾಗದಿದ್ದಾಗ ಪುರುಷನ ಪರೀಕ್ಷೆ

ಗರ್ಭನಿರೋಧಕ ಸಾಧನಗಳನ್ನು ಬಳಸದೆ ಒಂದು ವರ್ಷ ಒಟ್ಟಿಗೆ ಬಾಳಿದರೂ ಗರ್ಭ ನಿಲ್ಲದಿದ್ದರೆ ದಂಪತಿಗಳು ವೈದ್ಯರನ್ನು ಕಾಣತಕ್ಕದ್ದು. ಪತ್ನಿಯ ವಯಸ್ಸು 35 ದಾಟಿದ್ದರೆ ಆರು ತಿಂಗಳಿಗೇ ಬರಬೇಕು. ದಂಪತಿಗಳು ಎಂದು ಬೇಕೆಂದೇ ಬರೆದಿದ್ದೇನೆ. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಹಳ್ಳಿಗಳಿಂದ ಸೊಸೆಯು ಅತ್ತೆಯೊಡನೆ ಬರುವುದುಂಟು. ಗಂಡ ಊರಿನಲ್ಲಿಯೇ ಉಳಿದಿರುತ್ತಾನೆ. ಆದರೆ ಸಂತಾನವಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಪುರುಷನ ದೋಷದ ಪಾಲೂ ಇರುತ್ತದೆ. ಆತನನ್ನು ಪರೀಕ್ಷಿಸದೆ ಆಕೆಯನ್ನು ಬಂಜೆಯೆಂದು ಕರೆದು ಎರಡನೆಯ ಮದುವೆಯ ಮಾತೆತ್ತುವುದು ಅನ್ಯಾಯ. ದೋಷವು ಗಂಡನಲ್ಲಿದ್ದರೆ ಎರಡನೆಯ ಹೆಂಡತಿಯ ತೊಟ್ಟಿಲೂ ಬರಿದಾಗಿಯೇ ಉಳಿದೀತು. ಹರಕೆ ಹೊರುವುದನ್ನು ನಾನು ಬೇಡವೆನ್ನುವುದಿಲ್ಲ, ಪರೀಕ್ಷೆಯೂ ಆಗಲಿ.

ಮೊದಲನೆಯದು ಸಾಮಾನ್ಯ ವೀರ್ಯಪರೀಕ್ಷೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ತಿಳಿಸಿರುವ ಕನಿಷ್ಠ ಮಟ್ಟದಂತೆ ಒಂದು ಮಿಲಿಲೀಟರ್ ವೀರ್ಯದಲ್ಲಿ 1 ಕೋಟಿ 60 ಲಕ್ಷ ವೀರ್ಯಾಣುಗಳಿದ್ದು, ಅವುಗಳಲ್ಲಿ ಶೇಕಡಾ 42ರಷ್ಟು ಚಲಿಸುತ್ತಿರಬೇಕು. ಇದಕ್ಕಿಂತ ಕಡಿಮೆ ಬಂದ ಮಾತ್ರಕ್ಕೆ ಮಕ್ಕಳೇ ಆಗುವುದಿಲ್ಲವೆಂದು ತಿಳಿಯಬೇಡಿ. ಜ್ವರ ಬಂದು ಹೋದ ಮೇಲೆಯೂ ಎಣಿಕೆ ಇಳಿಯುವುದರಿಂದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸುವುದು ಕ್ರಮ.

ಎಣಿಕೆ, ಚಲನೆ ಎರಡೂ ಸರಿಯಾಗಿದ್ದು ಗರ್ಭ ನಿಲ್ಲದಿರಬಹುದು. ಅಥವಾ ನಿಂತ ಗರ್ಭ ಮತ್ತೆ ಮತ್ತೆ ಇಳಿದುಹೋಗಬಹುದು. ಹೊರಗೆ ದುಂಡಗೆ ಕಾಣುವ ತೊಗರಿಕಾಳಿನ ಒಳಭಾಗವನ್ನು ಹುಳು ತಿಂದಿರುವುದನ್ನು ನೀವು ಕಂಡಿದ್ದೀರಿ. ವೀರ್ಯಾಣುವಿನ ತಲೆಯೊಳಗೆ ಡಿ.ಎನ್.ಎ. ಎಂಬ ಅತಿ ಸೂಕ್ಷ್ಮವಾದ ಎಳೆ ಬಿಗಿಯಾಗಿ ಸುತ್ತಿರುತ್ತದೆ. ತಂದೆಯ ಗುಣಗಳು ಮಗುವಿಗೆ ಬರುವುದು ಅದರಿಂದಲೇ. ಆ ಎಳೆ ಅಲ್ಲಲ್ಲಿ ತುಂಡಾದರೆ ಅದನ್ನು ಜೋಡಿಸಿಕೊಳ್ಳುವ ಶಕ್ತಿ ಬಲಿತ ವೀರ್ಯಾಣುವಿಗೆ ಇಲ್ಲ. ಅಂಡಾಣುವು ಸ್ವಲ್ಪಮಟ್ಟಿಗೆ ಸರಿಪಡಿಸಬಲ್ಲದು. ಹಾನಿ ಹೆಚ್ಚಾಗಿದ್ದರೆ ಭ್ರೂಣ ಬೆಳೆಯದೆ ನಿಲ್ಲಬಹುದು. ಆದುದರಿಂದ ಪದೇ ಪದೇ ಗರ್ಭಪಾತವಾದಾಗ ಹೆಂಡತಿಯನ್ನಷ್ಟೇ ದೂರುವುದು ಸಲ್ಲದು.

ಈ ಹಾನಿಯನ್ನು ಅಳೆಯುವ ವಿಧಾನಗಳು ಹಲವು. ಒಂದರಲ್ಲಿ ವೀರ್ಯಾಣುಗಳನ್ನು ಗಾಜಿನ ಪಟ್ಟಿಯ ಮೇಲೆ ಅಂಟಿನಂಥ ಪದರದಲ್ಲಿ ನಿಲ್ಲಿಸಿ, ಆಮ್ಲ ಮೊದಲಾದ ದ್ರಾವಣಗಳಿಂದ ತೊಳೆಯುತ್ತಾರೆ. ಎಳೆ ಗಟ್ಟಿಯಾಗಿದ್ದರೆ ಅದು ಬಿಚ್ಚಿಕೊಂಡು, ಚಂದ್ರನ ಸುತ್ತ ಕಾಣುವ ಬೆಳಕಿನ ಬಳೆಯಂತೆ ತಲೆಯ ಸುತ್ತ ಹರಡುತ್ತದೆ. ತುಂಡಾಗಿದ್ದರೆ ಬಳೆ ಮೂಡುವುದಿಲ್ಲ, ಇಲ್ಲವೆ ಬಹಳ ಕಿರಿದಾಗಿರುತ್ತದೆ. ನೂರಾರು ವೀರ್ಯಾಣುಗಳನ್ನು ಹೀಗೆ ಎಣಿಸಿ ಶೇಕಡಾವಾರು ಬರೆಯುತ್ತಾರೆ. ಸುಮಾರು 30ಕ್ಕೆ ಮೇಲ್ಪಟ್ಟರೆ ಹಾನಿ ಹೆಚ್ಚೆಂದು ಸಾಮಾನ್ಯವಾಗಿ ಎಣಿಸುವರಾದರೂ, ವಿಧಾನ ಬದಲಾದಂತೆ ಅಂಕಿಯೂ ಬದಲಾಗುತ್ತದೆ. ಈ ಪರೀಕ್ಷೆ ಎಲ್ಲರಿಗೂ ಬೇಕಿಲ್ಲ. ಗರ್ಭಪಾತ ಮರುಕಳಿಸಿದಾಗ, ಅಥವಾ ಬೇರಾವ ಕಾರಣವೂ ಸಿಗದಾಗ ವೈದ್ಯರು ಇದನ್ನು ಯೋಚಿಸುವರು. ಮೊದಲ ಭೇಟಿಯಲ್ಲಿಯೇ ಇದಕ್ಕೆ ಹಣ ಸುರಿಯುವುದು ವ್ಯರ್ಥವೆಂಬುದು ನನ್ನ ಅಭಿಪ್ರಾಯ.

ವೃಷಣಗಳು ದೇಹಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ತಂಪಾಗಿರಬೇಕು. ಅವು ಹೊರಗೆ ತೂಗುವುದು ಇದಕ್ಕಾಗಿಯೇ. ಶಹಾಬಾದಿನ ಕಲ್ಲುಗಣಿಯಲ್ಲಿ ದುಡಿಯುವವರು, ವಾಡಿ, ಸೇಡಂ ಕಡೆಯ ಸಿಮೆಂಟು ಕಾರ್ಖಾನೆಗಳಲ್ಲಿ ಕುಲುಮೆಯ ಬಳಿ ನಿಲ್ಲುವವರು, ತೊಗರಿಗೆ ಔಷಧಿ ಹೊಡೆಯುವವರು ತಮ್ಮ ಕೆಲಸವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಬೀಡಿ, ಸಿಗರೇಟು, ಗುಟ್ಕಾ, ಸೋಂಕು, ವೃಷಣದ ಮೇಲಿನ ರಕ್ತನಾಳಗಳ ಉಬ್ಬು, ಏರುವ ವಯಸ್ಸು ಇವೂ ಕಾರಣಗಳು. ನಾಳಗಳ ಉಬ್ಬು ಕೈಯಿಂದ ಮುಟ್ಟಿ ನೋಡಿದರೇ ತಿಳಿಯುವಂತಿದ್ದರೆ ಶಸ್ತ್ರಚಿಕಿತ್ಸೆಯಿಂದ ಅನುಕೂಲವಾಗುವುದುಂಟು.

ವೀರ್ಯಾಣು ಹುಟ್ಟಿ ಬಲಿತು ಹೊರಬರಲು ಸುಮಾರು ಮೂರು ತಿಂಗಳು ಬೇಕು. ಇಂದು ಗುಟ್ಕಾ ಬಿಟ್ಟರೆ ಫಲ ಕಾಣುವುದು ಮೂರು ತಿಂಗಳ ಮೇಲೆ, ಮರುಪರೀಕ್ಷೆಯೂ ಆಗಲೇ. ವೀರ್ಯವನ್ನು ಬಹಳ ದಿನ ಕೂಡಿಟ್ಟರೆ ಬಲ ಬರುವುದೆಂಬ ನಂಬಿಕೆ ತಪ್ಪು. ಹಾಗೆ ನಿಂತ ವೀರ್ಯಾಣುಗಳಲ್ಲಿಯೇ ಹಾನಿ ಹೆಚ್ಚುತ್ತದೆ. ಪುರುಷತ್ವದ ಇಂಜೆಕ್ಷನ್ನೆಂದು ಕೊಡುವ ಟೆಸ್ಟೊಸ್ಟಿರೋನನ್ನು ಮಕ್ಕಳು ಬೇಕೆನ್ನುವವರು ಚುಚ್ಚಿಸಿಕೊಳ್ಳಲೇಬಾರದು. ಅದರಿಂದ ವೀರ್ಯಾಣುಗಳ ಉತ್ಪತ್ತಿಯೇ ನಿಂತುಹೋಗಬಹುದು.

ಪರೀಕ್ಷೆಗೆ ಮುಂಚೆ ಎರಡರಿಂದ ಏಳು ದಿನ ಸಂಯಮವಿರಲಿ. ವೀರ್ಯವನ್ನು ಒಂದು ಗಂಟೆಯೊಳಗೆ ಪರೀಕ್ಷಿಸಬೇಕಾದ ಕಾರಣ, ಚಿಂಚೋಳಿಯಿಂದ ಸೀಸೆಯಲ್ಲಿ ತುಂಬಿ ಕಲಬುರಗಿಗೆ ಬಸ್ಸಿನಲ್ಲಿ ಒಯ್ದರೆ ಪ್ರಯೋಜನವಾಗದು. ಪ್ರಯೋಗಾಲಯಕ್ಕೆ ಪತಿಯೇ ಹೋಗಬೇಕು.