ಆಪರೇಷನ್‌ಗೆ ಮುನ್ನ ನಿತ್ರಾಣದ ಪರೀಕ್ಷೆ

‘ಅಪ್ಪನಿಗೆ 78 ವರ್ಷ. ಆಪರೇಷನ್ ತಡೆದುಕೊಂಡಾರೆಯೇ ಡಾಕ್ಟರೇ?’ ಹರ್ನಿಯಾ ಇರಲಿ, ಪಿತ್ತಕೋಶದ ಕಲ್ಲಿರಲಿ, ಮನೆಯವರು ಮೊದಲು ಕೇಳುವುದು ಇದನ್ನೇ. ವಯಸ್ಸೊಂದನ್ನೇ ನೋಡಿ ಉತ್ತರ ಹೇಳಲಾಗದು. 85ರಲ್ಲೂ ತೋಟ ಸುತ್ತಿ ಬರುವವರಿದ್ದಾರೆ. 65ಕ್ಕೇ ಗೋಡೆ ಹಿಡಿದು ನಡೆಯುವವರೂ ಇದ್ದಾರೆ.

ಹೃದಯ, ಶ್ವಾಸಕೋಶ, ಮೂತ್ರಪಿಂಡ, ಸ್ನಾಯುಗಳಿಗೆ ದಿನದ ಅಗತ್ಯಕ್ಕಿಂತ ಹೆಚ್ಚಿನ ಶಕ್ತಿ ಇರುತ್ತದೆ, ಕಷ್ಟಕಾಲಕ್ಕೆಂದು ಕಣಜದಲ್ಲಿಟ್ಟ ದವಸದಂತೆ. ಮುಪ್ಪಿನಲ್ಲಿ ಕೆಲವರ ಕಣಜ ಬೇಗ ಬರಿದಾಗುತ್ತದೆ. ಇದೇ ಮುಪ್ಪಿನ ನಿತ್ರಾಣ. ಇ.ಸಿ.ಜಿ., ರಕ್ತಪರೀಕ್ಷೆ ಸರಿಯಾಗಿದ್ದರೂ ಇದು ಇರಬಹುದು.

ಅಮೆರಿಕದ ವೈದ್ಯೆ ಲಿಂಡಾ ಫ್ರೀಡ್ ಮತ್ತು ಸಂಗಡಿಗರು 2001ರಲ್ಲಿ ಇದಕ್ಕೆ ಐದು ಲಕ್ಷಣ ಹೇಳಿದರು: ವರ್ಷದೊಳಗೆ ತಾನಾಗಿಯೇ ನಾಲ್ಕೂವರೆ ಕಿಲೋ ತೂಕ ಇಳಿಯುವುದು, ಸದಾ ಸುಸ್ತು, ಕೈಹಿಡಿತ ಸಡಿಲವಾಗುವುದು, ನಿಧಾನ ನಡಿಗೆ, ಓಡಾಟ ಕಡಿಮೆಯಾಗುವುದು. ಮೂರಿದ್ದರೆ ನಿತ್ರಾಣ, ಒಂದೆರಡಿದ್ದರೆ ಅದರ ಹೊಸ್ತಿಲು. ಬಾಲ್ಟಿಮೋರಿನ ಶಸ್ತ್ರವೈದ್ಯರು ಇದೇ ಅಳತೆಯನ್ನು ಆಪರೇಷನ್‌ಗೆ ಬಂದ ಹಿರಿಯರಲ್ಲಿ ಬಳಸಿ 2010ರಲ್ಲಿ ವರದಿ ಪ್ರಕಟಿಸಿದರು. ನಿತ್ರಾಣವಿದ್ದವರಿಗೆ ತೊಡಕುಗಳು ಹೆಚ್ಚು, ಆಸ್ಪತ್ರೆವಾಸವೂ ದೀರ್ಘ.

ಮನೆಯಲ್ಲೇ ಒಂದನ್ನು ನೋಡಬಹುದು. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ಹಿಂತಿರುಗಿ ಬಂದು ಕೂರಲು 12 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ವೈದ್ಯರಿಗೆ ತಿಳಿಸಿ. ಊರುಗೋಲು ಬಳಸುವವರು ಅದನ್ನು ಹಿಡಿದೇ ನಡೆಯಲಿ, ಪಕ್ಕದಲ್ಲಿ ಒಬ್ಬರಿರಲಿ.

ವೈದ್ಯರ ಮುಂದೆ ಅನೇಕ ಹಿರಿಯರು ‘ನನಗೇನಾಗಿದೆ, ಗಟ್ಟಿಯಾಗಿದ್ದೇನೆ’ ಎಂದುಬಿಡುತ್ತಾರೆ! ನಿಜಸ್ಥಿತಿ ಗೊತ್ತಿರುವುದು ಜೊತೆಗಿರುವ ಮಗನಿಗೋ ಸೊಸೆಗೋ. ಕಾಯಿಲೆ ಬೀಳುವ ಎರಡು ವಾರ ಮೊದಲು ಹೇಗಿದ್ದರು, ಸ್ನಾನ ತಾವೇ ಮಾಡುತ್ತಿದ್ದರೇ, ಇತ್ತೀಚೆಗೆ ಬಿದ್ದಿದ್ದರೇ, ಮರೆವು ಹೆಚ್ಚಿದೆಯೇ ಎಂಬುದನ್ನು ನೀವೇ ಹೇಳಿ. ಆಸ್ಪತ್ರೆಗೆ ಸೇರಿದ ದಿನ ಎಲ್ಲರೂ ಸೋತವರಂತೆಯೇ ಕಾಣುತ್ತಾರೆ. ಅದನ್ನು ನೋಡಿ ಅಳೆಯಬಾರದು.

ನಿತ್ರಾಣ ಇದೆಯೆಂದರೆ ಆಪರೇಷನ್ ಬೇಡವೆಂದಲ್ಲ. ಕಾಯಬಹುದಾದ ತೊಂದರೆಯಾದರೆ ವೈದ್ಯರು ಕೆಲವು ವಾರ ಮುಂದೂಡಬಹುದು. ಆ ಅವಧಿಯಲ್ಲಿ ಬೇಳೆ, ಹಾಲು, ಮೊಟ್ಟೆಯಂಥ ಪ್ರೋಟೀನ್ ಇರುವ ಆಹಾರ (ಮೂತ್ರಪಿಂಡದ ತೊಂದರೆಯಿದ್ದರೆ ವೈದ್ಯರನ್ನು ಕೇಳಿ), ದಿನವೂ ನಡಿಗೆ, ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ನೆರವಾಗುತ್ತವೆ. ಕೆಲವೊಮ್ಮೆ ಚಿಕ್ಕ ಆಪರೇಷನ್ನೇ ಸಾಕಾದೀತು. ಆದರೆ ಸೊಂಟದ ಕೀಲಿನ ಬಳಿ ಮೂಳೆ ಮುರಿದಾಗ ಕಾಯುವಂತಿಲ್ಲ. ಮಲಗಿದಷ್ಟೂ ಸ್ನಾಯು ಕರಗುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲೇ ಆಪರೇಷನ್ ಆಗಬೇಕು.

ಆಪರೇಷನ್ ಆದ ಮೇಲೆ ಇಂಥವರಿಗೆ ಹಗಲು ರಾತ್ರಿ ತಿಳಿಯದೆ ಬಡಬಡಿಸುವ ಬುದ್ಧಿಭ್ರಮೆ ಬರುವುದುಂಟು. ಕನ್ನಡಕ, ಕಿವಿಯ ಯಂತ್ರ ಮರೆಯದೆ ಒಯ್ಯಿರಿ. ಪರಿಚಿತ ಮುಖವೊಂದು ಹಾಸಿಗೆಯ ಬಳಿ ಇರಲಿ.