ಸತ್ತ ಇಲಿಯ ನಾತ: ಮುಚ್ಚುವುದಲ್ಲ, ತೆಗೆಯುವುದು

(ಸ್ವಸಹಾಯ ಸಂಘಗಳ ಮಾಸಿಕ ಸಭೆಗಾಗಿ ಪಾಠ)



ಮಳೆಗಾಲದಲ್ಲಿ ಮಲೆನಾಡಿನ ಹಳ್ಳಿಗಳಿಗೆ ಸಭೆಗೆಂದು ಹೋದಾಗ ನಾವು ಪ್ರತಿ ವರ್ಷ ಕೇಳುವ ದೂರು ಒಂದಿದೆ. "ಸಿಸ್ಟರ್, ಮನೆಯೊಳಗೆ ಏನೋ ಸತ್ತಿದೆ. ಎಲ್ಲಿ ಅಂತ ಗೊತ್ತಾಗ್ತಿಲ್ಲ. ಅನ್ನ ಗಂಟಲಲ್ಲಿ ಇಳಿಯಲ್ಲ."

ಅಂಥದ್ದೇ ಒಂದು ಮನೆಯ ಜಗಲಿಯಲ್ಲಿ ಸಭೆ ನಡೆದಿತ್ತು. ಮೂಲೆಮೂಲೆಗೂ ಊದಿನಕಡ್ಡಿ ಹಚ್ಚಿದ್ದರು. ನೆಲಕ್ಕೆ ಫಿನಾಯಿಲ್ ಸುರಿದಿದ್ದರು, ಅಟ್ಟದ ಮೇಲೆ ನುಸಿಗುಳಿಗೆ ಇಟ್ಟಿದ್ದರು. ಎಂಟು ದಿನವಾದರೂ ನಾತ ಹೋಗಿರಲಿಲ್ಲ. ಮನೆಯ ಅಕ್ಕ ಹೇಳಿದರು: "ನಾಳೆ ಕಾಲೋನಿಯ ಹುಡುಗನ್ನ ಕರೆಸ್ತೀವಿ ಸಿಸ್ಟರ್. ಅವನೇ ಹುಡುಕಿ ತೆಗೀತಾನೆ, ಐವತ್ತು ರೂಪಾಯಿ ಕೊಟ್ರಾಯ್ತು." ಆಗ ಕೊನೆಯಲ್ಲಿ ಕೂತಿದ್ದ, ಅದೇ ಕಾಲೋನಿಯ ಸದಸ್ಯೆಯೊಬ್ಬರು ನಿಧಾನವಾಗಿ ಕೇಳಿದರು: "ಉಳಿತಾಯ ಕಟ್ಟುವಾಗ ಎಲ್ಲರೂ ಒಂದೇ ಚಾಪೆ ಮೇಲೆ ಕೂರ್ತೀವಿ. ಸತ್ತ ಇಲಿ ತೆಗೆಯಕ್ಕೆ ಮಾತ್ರ ನಮ್ಮ ಹುಡುಗನೇ ಬೇಕಾ ಅಕ್ಕಾ?"

ಯಾರೂ ಮಾತಾಡಲಿಲ್ಲ. ಅಂದು ಲೆಕ್ಕದ ಪುಸ್ತಕವನ್ನು ಸ್ವಲ್ಪ ಹೊತ್ತು ಬದಿಗಿಟ್ಟು ನಾವು ಮಾತಾಡಿದ್ದೇ ಈ ಪಾಠ.

1. ನಾತ ಎಲ್ಲಿಂದ ಬರುತ್ತದೆ?

ಪ್ರಾಣಿ ಸತ್ತ ಕೂಡಲೇ ಅದರ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾಗಳು ಮಾಂಸವನ್ನು ಕರಗಿಸಲು ತೊಡಗುತ್ತವೆ. ಆಗ ಗಂಧಕ ಸೇರಿದ ಅನಿಲಗಳೂ ಕೊಳೆತ ವಾಸನೆಯ ಇನ್ನಿತರ ವಸ್ತುಗಳೂ ಹುಟ್ಟುತ್ತವೆ. ಅವುಗಳಲ್ಲಿ ಎರಡಕ್ಕೆ ಪ್ಯೂಟ್ರೆಸಿನ್, ಕಡಾವರಿನ್ ಎಂದು ಹೆಸರು. ಜರ್ಮನಿಯ ವೈದ್ಯ ಲುಡ್ವಿಗ್ ಬ್ರೀಗರ್ 1885ರಲ್ಲಿ ಇವನ್ನು ಗುರುತಿಸಿದರು. ದೇಹದಿಂದ ಒಸರುವ ನೀರು ಮರದ ಹಲಗೆ, ಗೋಣಿಚೀಲ, ಮಣ್ಣಿನ ಗೋಡೆಗೆ ಇಂಗಿದರೆ, ಪ್ರಾಣಿಯನ್ನು ತೆಗೆದ ಮೇಲೂ ನಾತ ಉಳಿಯುತ್ತದೆ.

ಊದಿನಕಡ್ಡಿ, ಸಾಂಬ್ರಾಣಿ, ಸುಗಂಧದ ಸ್ಪ್ರೇ ಇವು ಒಂದು ವಾಸನೆಯ ಮೇಲೆ ಇನ್ನೊಂದು ವಾಸನೆ ಹೊದಿಸುತ್ತವೆ, ಅಷ್ಟೇ. ಒಳಗೆ ಕೊಳೆಯುವುದು ನಿಲ್ಲುವುದಿಲ್ಲ.

2. ಮೊದಲು ಗ್ಯಾಸ್ ನೋಡಿ

ಅಡುಗೆ ಅನಿಲಕ್ಕೆ ತನ್ನದೇ ಆದ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಎಂದು ಅದಕ್ಕೆ ಗಂಧಕದ ಕೆಟ್ಟ ವಾಸನೆಯ ಮರ್ಕಾಪ್ಟಾನ್ ಬೆರೆಸುತ್ತಾರೆ. ಇದನ್ನೇ ಇಲಿ ಸತ್ತ ವಾಸನೆ ಅಂದುಕೊಂಡು ಊದಿನಕಡ್ಡಿ ಹಚ್ಚಲು ಹೋದರೆ ಮನೆಗೆ ಬೆಂಕಿ ಬೀಳಬಹುದು. ಆದ್ದರಿಂದ ನಾತ ಅಡುಗೆಮನೆಯಲ್ಲಿದ್ದರೆ ಕಡ್ಡಿ ಗೀರಬೇಡಿ, ಲೈಟಿನ ಸ್ವಿಚ್ ಮುಟ್ಟಬೇಡಿ. ಬಾಗಿಲು ಕಿಟಕಿ ತೆರೆದು ರೆಗ್ಯುಲೇಟರ್ ಬಂದ್ ಮಾಡಿ, ಹೊರಗೆ ಬಂದು ಗ್ಯಾಸಿನವರಿಗೆ ತಿಳಿಸಿ. ಗ್ಯಾಸ್ ಅಲ್ಲ ಎಂದು ಖಾತ್ರಿಯಾದ ಮೇಲೆ ಇಲಿ ಹುಡುಕಲು ಹೊರಡಿ.

3. ಹುಡುಕುವುದು ಹೇಗೆ?

• ಒಂದೇ ವಾಸನೆಯಲ್ಲಿ ಕೂತಿದ್ದರೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ಹತ್ತು-ಹದಿನೈದು ನಿಮಿಷ ಹೊರಗೆ ಗಾಳಿಯಲ್ಲಿದ್ದು ಮತ್ತೆ ಒಳಗೆ ಬನ್ನಿ. ಪಕ್ಕದ ಮನೆಯವರನ್ನು ಕರೆದು ಕೇಳಿದರೆ ಇನ್ನೂ ಒಳ್ಳೆಯದು.
• ರಾತ್ರಿ ಕೋಣೆಗಳ ಬಾಗಿಲು ಮುಚ್ಚಿಡಿ. ಬೆಳಿಗ್ಗೆ ಒಂದೊಂದಾಗಿ ತೆರೆಯಿರಿ. ಎಲ್ಲಿ ನಾತ ಮುಖಕ್ಕೆ ಹೊಡೆಯುತ್ತದೋ ಆ ಕೋಣೆಯಿಂದ ಶುರು ಮಾಡಿ.
• ಹಸಿರು, ನೀಲಿ ಹೊಳಪಿನ ದಪ್ಪ ನೊಣಗಳು ಎಲ್ಲಿ ಸುತ್ತುತ್ತವೆ ನೋಡಿ. ಅಟ್ಟದ ಹಲಗೆಯಲ್ಲಿ ಒದ್ದೆ ಕಲೆ ಇದೆಯೇ, ಹುಳ ಬೀಳುತ್ತಿವೆಯೇ ನೋಡಿ.
• ಅಡಿಕೆ ಚೀಲದ ಹಿಂದೆ, ಭತ್ತದ ಮೂಟೆಯ ಕೆಳಗೆ, ಹಂಚಿನ ಸಂದಿ, ಸೌದೆ ರಾಶಿ, ಫ್ರಿಜ್ಜಿನ ಹಿಂಭಾಗ, ಬಚ್ಚಲಿನ ಚರಂಡಿ, ಇವೇ ಸಾಮಾನ್ಯವಾಗಿ ಸಿಗುವ ಜಾಗಗಳು.

ಗೋಡೆಯ ಬಿರುಕಿನೊಳಗೆ ಸತ್ತು ಕೈಗೆ ಸಿಗದಿದ್ದರೆ? ಚಿಕ್ಕ ಇಲಿ ಒಂದೆರಡು ವಾರದಲ್ಲಿ, ದೊಡ್ಡದು ಎರಡು-ಮೂರು ವಾರದಲ್ಲಿ ಒಣಗುತ್ತದೆ. ಮಳೆಗಾಲದ ಥಂಡಿಯಲ್ಲಿ ಇನ್ನೂ ಹೆಚ್ಚು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಕಿಟಕಿ ತೆರೆದಿಡಿ, ಪಕ್ಕದಲ್ಲಿ ಬುಟ್ಟಿ ತುಂಬ ಇದ್ದಿಲು ಇಡಿ.

4. ತೆಗೆಯುವುದು ಹೇಗೆ?

ಬರಿಗೈಯಲ್ಲಿ ಮುಟ್ಟಬಾರದು. ರಬ್ಬರ್ ಕೈಗವಸು ಇಲ್ಲದಿದ್ದರೆ ಎರಡು ಪ್ಲಾಸ್ಟಿಕ್ ಚೀಲಗಳನ್ನು ಒಂದರ ಮೇಲೊಂದು ಕೈಗೆ ಹಾಕಿಕೊಳ್ಳಿ. ಮೂಗು-ಬಾಯಿಗೆ ಬಟ್ಟೆ ಕಟ್ಟಿ. ಒಣಗಿದ ಕಸವನ್ನು ಪೊರಕೆಯಿಂದ ಗುಡಿಸಬೇಡಿ, ಧೂಳು ಮೂಗಿಗೆ ಹೋಗುತ್ತದೆ. ಮೊದಲು ಬ್ಲೀಚಿಂಗ್ ಪೌಡರ್ ನೀರು ಚಿಮುಕಿಸಿ ಒದ್ದೆ ಮಾಡಿ. ಒಂದು ಲೀಟರ್ ನೀರಿಗೆ 15 ಗ್ರಾಂ, ಅಂದರೆ ಸುಮಾರು ಒಂದು ದೊಡ್ಡ ಚಮಚ ಪೌಡರ್ ಸಾಕು. ಹತ್ತು ನಿಮಿಷ ಬಿಟ್ಟು ಎತ್ತಿ.

ಬಾವಿಯಿಂದ ಕನಿಷ್ಠ 100 ಅಡಿ ದೂರದಲ್ಲಿ, ಎರಡು ಅಡಿ ಆಳದ ಗುಂಡಿಯಲ್ಲಿ ಹೂಳಿ. ಪ್ಲಾಸ್ಟಿಕ್ ಸಮೇತ ಹೂಳಬೇಡಿ, ಅದು ಕೊಳೆಯುವುದಿಲ್ಲ. ಮೇಲೆ ಸುಣ್ಣದ ಪುಡಿ ಉದುರಿಸಿ ಮಣ್ಣು ತುಳಿದು ಒಂದು ಕಲ್ಲು ಇಟ್ಟರೆ ನಾಯಿ ಕೆದಕುವುದಿಲ್ಲ. ತಿಪ್ಪೆಗೆ, ಹಳ್ಳಕ್ಕೆ, ರಸ್ತೆಗೆ ಎಸೆಯುವುದು ನಮ್ಮ ನಾತವನ್ನು ನೆರೆಮನೆಗೆ ದಾಟಿಸಿದ ಹಾಗೆ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಇಲಿಯ ಮೂತ್ರದಿಂದ ಇಲಿ ಜ್ವರ ಹರಡುತ್ತದೆ. ಕೈಕಾಲಲ್ಲಿ ಗಾಯ ಇದ್ದವರು ಈ ಕೆಲಸಕ್ಕೆ ಹೋಗಬಾರದು.

5. ಉಳಿದ ನಾತ ಹೋಗಿಸುವುದು

ಮೊದಲು ಸೋಪಿನ ನೀರು, ಆಮೇಲೆ ಬ್ಲೀಚಿಂಗ್ ನೀರು, ಕೊನೆಗೆ ಗಾಳಿ-ಬಿಸಿಲು. ಇದೇ ಕ್ರಮ. ಬ್ಲೀಚಿಂಗ್ ನೀರು ಬಣ್ಣದ ಬಟ್ಟೆಗೆ, ಕಬ್ಬಿಣಕ್ಕೆ ತಾಗದಂತೆ ನೋಡಿಕೊಳ್ಳಿ. ಸಗಣಿ ಸಾರಿಸಿದ ನೆಲವಾದರೆ ಮೇಲಿನ ಒಂದೆರಡು ಅಂಗುಲ ಮಣ್ಣು ಕೆರೆದು ತೆಗೆದು ಹೊಸ ಮಣ್ಣು ಹಾಕಿ ಸಾರಿಸಿ. ಗೋಡೆಗೆ ಸುಣ್ಣ ಬಳಿಯಿರಿ. ಹಾಸಿಗೆಯ ಮೇಲೆ ಅಡುಗೆ ಸೋಡಾ ಉದುರಿಸಿ ಒಂದು ರಾತ್ರಿ ಬಿಟ್ಟು, ಕೊಡವಿ ಬಿಸಿಲಿಗೆ ಹಾಕಿ. ಒಸರಿನಲ್ಲಿ ನೆಂದ ಗೋಣಿಚೀಲ, ಹತ್ತಿ ಹಾಸಿಗೆಯನ್ನು ಇಟ್ಟುಕೊಳ್ಳುವ ಆಸೆ ಬಿಡಿ.

ಮೀನು ತೊಳೆಯುವಾಗ ನಾವು ಹುಣಸೆಯನ್ನೋ ನಿಂಬೆಯನ್ನೋ ಹಾಕುತ್ತೇವಲ್ಲ, ಅದರ ಹಿಂದೆ ಒಂದು ಕಾರಣವಿದೆ. ಮೀನಿನ ವಾಸನೆಯ ವಸ್ತುಗಳು ಕ್ಷಾರ ಗುಣದವು, ಹುಳಿ ಅವನ್ನು ಹಿಡಿದಿಡುತ್ತದೆ. ಪ್ಯೂಟ್ರೆಸಿನ್, ಕಡಾವರಿನ್ ಕೂಡ ಇದೇ ಜಾತಿಯವು. ಆದ್ದರಿಂದ ತೊಳೆದ ಹಲಗೆಯನ್ನು ವಿನೆಗರ್ ಅಥವಾ ನಿಂಬೆರಸದ ನೀರಿನಿಂದ ಒರೆಸಿದರೆ ಉಪಯೋಗವಿದೆ.

ಎಚ್ಚರಿಕೆ: ಬ್ಲೀಚಿಂಗ್ ಪೌಡರ್ ಜೊತೆ ವಿನೆಗರ್, ನಿಂಬೆರಸ, ಕಕ್ಕಸು ತೊಳೆಯುವ ಆಸಿಡ್ ಯಾವುದನ್ನೂ ಬೆರೆಸಬಾರದು. ವಿಷಗಾಳಿ ಏಳುತ್ತದೆ, ಮುಚ್ಚಿದ ಕೋಣೆಯಲ್ಲಿ ಜೀವಕ್ಕೇ ಅಪಾಯ. ಬ್ಲೀಚಿಂಗ್ ಹಾಕಿದ ಜಾಗವನ್ನು ಚೆನ್ನಾಗಿ ತೊಳೆದು, ಹುಳಿಯನ್ನು ಮರುದಿನ ಬಳಸಿ.

6. ಬಾವಿಗೆ ಬಿದ್ದರೆ

ಬಾವಿ ನೀರು ನಾರಿದರೆ ಕುಡಿಯುವುದನ್ನು ತಕ್ಷಣ ನಿಲ್ಲಿಸಿ. ಬಾವಿಗೆ ಇಳಿಯಬೇಡಿ, ಕೆಳಗೆ ಕೆಟ್ಟ ಗಾಳಿ ತುಂಬಿರಬಹುದು. ಬುಟ್ಟಿ, ಹಗ್ಗ, ಪಾತಾಳಗರಡಿಯಿಂದ ಮೇಲೆತ್ತಿ. ನೀರನ್ನೆಲ್ಲ ಹೊರಹಾಕಿ, ಹೊಸ ನೀರು ಬಂದ ಮೇಲೆ ಬ್ಲೀಚಿಂಗ್ ಪೌಡರ್ ಹಾಕಬೇಕು. ದಿನಬಳಕೆಯ ಬಾವಿಗೆ 1000 ಲೀಟರಿಗೆ 2.5 ಗ್ರಾಂ ಲೆಕ್ಕ. ಎರಡು ಮೀಟರ್ ಅಗಲ, ಮೂರು ಮೀಟರ್ ನೀರಿರುವ ದುಂಡು ಬಾವಿಯಲ್ಲಿ ಸುಮಾರು 9,400 ಲೀಟರ್ ನೀರಿರುತ್ತದೆ, ಅದಕ್ಕೆ 24 ಗ್ರಾಂ. ಪ್ರಾಣಿ ಸತ್ತ ಬಾವಿಗೆ ಇದಕ್ಕಿಂತ ಹೆಚ್ಚು ಬೇಕು. ಎಷ್ಟು ಎಂದು ಆರೋಗ್ಯ ಕೇಂದ್ರದವರನ್ನು ಕೇಳಿ. ಪೌಡರನ್ನು ಬಕೆಟ್ಟಿನಲ್ಲಿ ಕಲಸಿ ಸುಣ್ಣ ತಳಕ್ಕೆ ಕೂತ ಮೇಲೆ ತಿಳಿನೀರನ್ನಷ್ಟೇ ಬಾವಿಗೆ ಇಳಿಸಿ ಕಲಕಿ, ಒಂದು ರಾತ್ರಿ ಬಿಡಿ. ಆಮೇಲೂ ಕೆಲವು ದಿನ ಕುದಿಸಿಯೇ ಕುಡಿಯಿರಿ.

7. ನಾವು ಕೈ ಹಾಕಬಾರದ ಸಾವುಗಳು

ಸತ್ತ ಮಂಗ: 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಮಲೆನಾಡಿನಿಂದ ಇನ್ನೂ ಹೋಗಿಲ್ಲ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಜೀವಗಳನ್ನು ಬಲಿ ತೆಗೆದುಕೊಂಡಿತು. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಕೆಳಗಿಳಿದು ಸುತ್ತಲೂ ಹರಡುತ್ತವೆ. ತೋಟದಲ್ಲಿ ನಾತ ಬಂದು ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗಬೇಡಿ, ದರಗು ಗುಡಿಸಬೇಡಿ, ದನ ಬಿಡಬೇಡಿ. ಆಶಾ ಕಾರ್ಯಕರ್ತೆಗೆ ಅಥವಾ ಆರೋಗ್ಯ ಕೇಂದ್ರಕ್ಕೆ ಅದೇ ದಿನ ತಿಳಿಸಿ.

ಒಟ್ಟಿಗೆ ಸತ್ತ ಇಲಿಗಳು: ಪಾಷಾಣ ಇಡದೆಯೇ ಹಲವು ಇಲಿಗಳು ಸತ್ತು ಬಿದ್ದರೆ ಅದು ಪ್ಲೇಗಿನ ಸೂಚನೆ ಇರಬಹುದು. 1898ರಲ್ಲಿ ಬೆಂಗಳೂರಿಗೆ, 1994ರಲ್ಲಿ ಸೂರತ್ ನಗರಕ್ಕೆ ಬಂದದ್ದು ಇದೇ ರೋಗ. ಸತ್ತ ಇಲಿಯ ಮೈ ತಣ್ಣಗಾದಾಗ ಚಿಗಟಗಳು ಅದನ್ನು ಬಿಟ್ಟು ಬೇರೆ ಮೈ ಹುಡುಕುತ್ತವೆ.

ದಿಢೀರನೆ ಸತ್ತ ದನ, ಕುರಿ: ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ನೆರಡಿ ರೋಗದ ಅನುಮಾನ. ಸುಲಿಯಬೇಡಿ, ಕೊಯ್ಯಬೇಡಿ, ಮಾಂಸ ಹಂಚಬೇಡಿ. ಪಶುವೈದ್ಯರು ಬಂದ ಮೇಲೆ ಅವರು ಹೇಳಿದಂತೆ ವಿಲೇವಾರಿ ಆಗಬೇಕು.

8. ಯಾರು ತೆಗೆಯಬೇಕು?

ಇಷ್ಟು ತಿಳಿದ ಮೇಲೆ ಆ ಸದಸ್ಯೆ ಕೇಳಿದ ಪ್ರಶ್ನೆಗೆ ಬರೋಣ. ಸತ್ತ ಪ್ರಾಣಿಯಲ್ಲಿ ಇಷ್ಟೆಲ್ಲ ಅಪಾಯ ಇದೆ. ಆ ಅಪಾಯವನ್ನು ಬರಿಗೈಯಲ್ಲಿ ಎತ್ತಲು ನಾವು ಯಾವಾಗಲೂ ಒಂದೇ ಕೇರಿಯ ಕಡೆ ನೋಡುತ್ತೇವೆ. ಇದು ಶುಚಿತ್ವದ ಮಾತಲ್ಲ, ಅಸ್ಪೃಶ್ಯತೆ.

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಗೆ 1976ರಲ್ಲಿ ಸೇರಿಸಿದ ಕಲಮಿನ ಪ್ರಕಾರ, ಅಸ್ಪೃಶ್ಯತೆಯ ಕಾರಣದಿಂದ ಒಬ್ಬರನ್ನು ಸತ್ತ ಪ್ರಾಣಿ ತೆಗೆಯುವಂತೆ ಬಲವಂತ ಮಾಡುವುದು ಅಪರಾಧ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯು, ಪರಿಶಿಷ್ಟ ಜಾತಿ-ಪಂಗಡದವರಿಂದ ಸತ್ತ ಪ್ರಾಣಿಗಳನ್ನು ಹೊರಿಸುವುದನ್ನೂ ವಿಲೇವಾರಿ ಮಾಡಿಸುವುದನ್ನೂ ದೌರ್ಜನ್ಯಗಳ ಪಟ್ಟಿಗೇ ಸೇರಿಸಿದೆ. "ನಾವು ದುಡ್ಡು ಕೊಡ್ತೀವಲ್ಲ" ಎಂಬ ಸಮಾಧಾನವನ್ನು ನಾವು ಬಿಡಬೇಕು. ನಮ್ಮ ಮನೆಯಲ್ಲಿ ಸತ್ತದ್ದನ್ನು ನಮ್ಮ ಮನೆಯವರೇ ತೆಗೆಯುವುದು ಸರಿ. ಕೈಗವಸು ಯಾವ ಜಾತಿಯ ಕೈಗೂ ಆಗುತ್ತದೆ.

ಸಂತ ಯೊವಾನ್ನರ ಶುಭಸಂದೇಶದಲ್ಲಿ ಲಾಜರನ ಸಮಾಧಿಯ ಮುಂದೆ ಮಾರ್ತಾ ನಾತದ ಮಾತೆತ್ತುತ್ತಾಳೆ, ಸತ್ತು ನಾಲ್ಕು ದಿನವಾಗಿತ್ತು. ಆದರೂ ಯೇಸುಸ್ವಾಮಿ ಕಲ್ಲು ಸರಿಸುವ ಕೆಲಸವನ್ನು ಅಲ್ಲಿ ನಿಂತಿದ್ದವರಿಗೇ ವಹಿಸಿದರು. ಮೂಗು ಮುಚ್ಚಿಕೊಂಡು ದೂರ ನಿಲ್ಲಲು ಯಾರಿಗೂ ಹೇಳಲಿಲ್ಲ.

9. ಮತ್ತೆ ಬಾರದಂತೆ

ಇಲಿ ಪಾಷಾಣಕ್ಕಿಂತ ಬೋನು ಒಳ್ಳೆಯದು. ಪಾಷಾಣ ತಿಂದ ಇಲಿ ನೀರು ಹುಡುಕಿ ಹೊರಗೆ ಹೋಗಿ ಸಾಯುತ್ತದೆ ಎಂಬುದು ಬರೀ ನಂಬಿಕೆ. ಅದು ಎಲ್ಲಿ ಬೇಕಾದರೂ ಸಾಯಬಹುದು. ಅದನ್ನು ತಿಂದ ಬೆಕ್ಕು, ನಾಯಿಯೂ ಸಾಯಬಹುದು, ಮಕ್ಕಳ ಕೈಗೆ ಪಾಷಾಣ ಸಿಕ್ಕರೆ ಅನಾಹುತ. ಬೋನಿಗೆ ಬಿದ್ದದ್ದಾದರೆ ಎಲ್ಲಿದೆ ಎಂದು ನಮಗೆ ಗೊತ್ತಿರುತ್ತದೆ. ದಿನವೂ ನೋಡಿ. ಧಾನ್ಯದ ಮೂಟೆಗಳನ್ನು ಗೋಡೆಯಿಂದ ಒಂದು ಅಡಿ ದೂರ, ಮಣೆಯ ಮೇಲೆ ಇಡಿ. ಮಳೆಗಾಲಕ್ಕೆ ಮೊದಲು ಅಟ್ಟ ಖಾಲಿ ಮಾಡಿ ಗುಡಿಸಿ, ಬಿಲ ಮುಚ್ಚಿ.

ಆ ಸಭೆಯ ಮರುದಿನ ಆ ಮನೆಯ ಯಜಮಾನರೇ ಏಣಿ ಹಾಕಿ ಅಟ್ಟ ಹತ್ತಿದರು. ಅಡಿಕೆ ಚೀಲದ ಹಿಂದೆ ದೊಡ್ಡ ಹೆಗ್ಗಣ ಸಿಕ್ಕಿತು. ಅಕ್ಕ ತಾವೇ ಹಲಗೆ ತೊಳೆದರು. ಒಂದು ವಾರದಲ್ಲಿ ನಾತ ಹೋಯಿತು. ಮುಂದಿನ ತಿಂಗಳ ಸಭೆಯಲ್ಲಿ ಅವರು ಕಾಲೋನಿಯ ಆ ಸದಸ್ಯೆಯ ಪಕ್ಕದಲ್ಲೇ ಬಂದು ಕೂತು, "ನಿನ್ನ ಮಾತು ಸರಿ ಇತ್ತು ಕಣೇ" ಎಂದರು. ಅದನ್ನು ನಾವೆಲ್ಲರೂ ಕೇಳಿಸಿಕೊಂಡೆವು.

ಸಂಘದಲ್ಲಿ ಚರ್ಚೆಗೆ

1. ನಮ್ಮ ಊರಲ್ಲಿ ಸತ್ತ ನಾಯಿ, ದನಗಳನ್ನು ಈಗ ಯಾರು ತೆಗೆಯುತ್ತಾರೆ? ಅವರಿಗೆ ಕೈಗವಸು, ಬೂಟು ಇದೆಯೇ?
2. ಗ್ರಾಮ ಪಂಚಾಯತಿಯು ಇದಕ್ಕೆ ಜಾಗ ಗುರುತಿಸಿದೆಯೇ? ಇಲ್ಲವಾದರೆ ಮುಂದಿನ ಗ್ರಾಮಸಭೆಯಲ್ಲಿ ಯಾರು ಕೇಳುತ್ತೀರಿ?
3. ನಮ್ಮ ಸಂಘದ ವತಿಯಿಂದ ಎರಡು ಜೊತೆ ಕೈಗವಸು, ಒಂದು ಕಿಲೋ ಬ್ಲೀಚಿಂಗ್ ಪೌಡರ್, ಒಂದು ಇಲಿ ಬೋನು ಕೊಂಡಿಟ್ಟು ಸರದಿಯಂತೆ ಬಳಸಬಹುದೇ?

ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.