ಕಣ, ಕೊಟ್ಟಿಗೆಗೆ ಬೂದಿ ಬೆರೆತ ಸಿಮೆಂಟು

ಕಣಕ್ಕೋ ಕೊಟ್ಟಿಗೆಗೋ ಕಾಂಕ್ರೀಟು ಹಾಕಿಸುವ ರೈತ ಬಾಂಧವರು ಕೇಳುವ ಪ್ರಶ್ನೆ ಒಂದಿದೆ: “ಈಗಿನ ಸಿಮೆಂಟಿಗೆ ಬೂದಿ ಬೆರೆಸುತ್ತಾರಂತೆ, ಅದು ಕಲಬೆರಕೆಯಲ್ಲವೇ?” ಅಲ್ಲ. ಆದರೆ ಈ ಸಿಮೆಂಟಿನ ಗುಣವರಿಯದೆ ಕೆಲಸ ಮಾಡಿಸಿದರೆ ಕಣದ ಮೇಲ್ಮೈ ಒಂದೆರಡು ಸುಗ್ಗಿಯಲ್ಲೇ ಧೂಳಾಗಿ ಏಳುತ್ತದೆ. ಕಾಳಿನೊಡನೆ ಮರಳೂ ಚೀಲ ಸೇರುತ್ತದೆ.

ಬೂದಿ ಬೆರೆಸುವುದೇಕೆ?

ಸುಣ್ಣಕಲ್ಲು ಮತ್ತು ಜೇಡಿಯನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಟ್ಟಾಗ ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳಾಗುತ್ತವೆ. ಇವನ್ನು ಸ್ವಲ್ಪ ಜಿಪ್ಸಮ್ಮಿನೊಡನೆ ಅರೆದರೆ ಸಿಮೆಂಟು. 100 ಕಿಲೊ ಶುದ್ಧ ಸುಣ್ಣಕಲ್ಲು ಸುಟ್ಟರೆ 44 ಕಿಲೊ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಉರುವಲಿನ ಹೊಗೆ ಬೇರೆ. ಭೂಮಿಯ ತಾಪವನ್ನು ಏರಿಸುತ್ತಿರುವ ಅನಿಲಗಳಲ್ಲಿ ಇದೇ ಮುಖ್ಯವಾದುದು.

ಆದುದರಿಂದ ಕ್ಲಿಂಕರಿನ ಒಂದು ಪಾಲಿಗೆ ಬದಲಾಗಿ ಕಾರ್ಖಾನೆಗಳ ಉಪವಸ್ತುಗಳನ್ನು ಬಳಸುತ್ತಾರೆ. ರಾಯಚೂರು ಬಳಿಯ ಶಕ್ತಿನಗರದಂಥ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಲ್ಲಿ ಹಾರುಬೂದಿ, ತೋರಣಗಲ್ಲಿನಂಥ ಕಡೆಯ ಉಕ್ಕಿನ ಕಾರ್ಖಾನೆಗಳಲ್ಲಿ ಊದುಕುಲುಮೆಯ ಕಿಟ್ಟ ದೊರೆಯುತ್ತವೆ. ಹಾರುಬೂದಿಯ ಸಿಮೆಂಟಿನಲ್ಲಿ (ಪಿ.ಪಿ.ಸಿ., ಐ.ಎಸ್. 1489) ಬೂದಿ ಶೇಕಡ 15ರಿಂದ 35, ಕಿಟ್ಟದ ಸಿಮೆಂಟಿನಲ್ಲಿ (ಪಿ.ಎಸ್.ಸಿ., ಐ.ಎಸ್. 455) ಕಿಟ್ಟ ಶೇಕಡ 25ರಿಂದ 70 ಇರಬಹುದು.

ಇದು ನಮಗೆ ಹೊಸತಲ್ಲ. ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಿಂದಲೇ ಕೃಷ್ಣರಾಜಸಾಗರದ ಕಟ್ಟೆ ಎದ್ದಿತು. ತತ್ವ ಒಂದೇ. ಸಿಮೆಂಟು ನೀರಿನೊಡನೆ ಸೇರಿ ಗಟ್ಟಿಯಾಗುವಾಗ ಒಂದಿಷ್ಟು ಸುಣ್ಣ ಬಿಡುಗಡೆಯಾಗುತ್ತದೆ. ಬೂದಿಯ ಸಿಲಿಕಾ ಅಂಶ ಈ ಸುಣ್ಣದೊಡನೆ ಕೂಡಿ ಮತ್ತಷ್ಟು ಅಂಟುವಸ್ತುವಾಗುತ್ತದೆ. ಆದರೆ ಈ ಕ್ರಿಯೆ ನಿಧಾನ, ಅದಕ್ಕೆ ತೇವ ಬೇಕೇಬೇಕು. ಮೂರು ದಿನಕ್ಕೇ ನೀರು ನಿಲ್ಲಿಸಿದರೆ ಬೂದಿಯು ಬರೀ ಬೂದಿಯಾಗಿಯೇ ಉಳಿಯುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ಐ.ಎಸ್. ಗುರುತು ಮತ್ತು ತಯಾರಿಕೆಯ ವಾರ ನೋಡಿ ಚೀಲ ಕೊಳ್ಳಬೇಕು. ಸ್ಥಾವರದ ರಾಶಿಯ ಬೂದಿಯನ್ನಾಗಲಿ, ಅಕ್ಕಿ ಗಿರಣಿಯ ಹೊಟ್ಟಿನ ಬೂದಿಯನ್ನಾಗಲಿ ತಾವೇ ಬೆರೆಸಬಾರದು. ಹೊಟ್ಟಿನ ಬೂದಿಯಲ್ಲಿ ಸಿಲಿಕಾ ಹೇರಳವಾಗಿದ್ದರೂ, ಹದವಾಗಿ ಸುಟ್ಟು ನುಣ್ಣಗೆ ಅರೆಯದಿದ್ದರೆ ಪ್ರಯೋಜನವಿಲ್ಲ.

2. ಕೆಡವಿದ ಹಳೆಯ ಕಾಂಕ್ರೀಟನ್ನು ಒಡೆದು ಜಲ್ಲಿಯಾಗಿ ತಳಪದರಕ್ಕೆ (1:4:8) ಬಳಸಬಹುದು. ಮಣ್ಣು, ಮರದ ಚೂರು, ಪ್ಲಾಸ್ಟರ್ ಆಫ್ ಪ್ಯಾರಿಸ್ ಇವನ್ನು ಆರಿಸಿ ತೆಗೆಯಬೇಕು. ಈ ಜಲ್ಲಿ ಹೆಚ್ಚು ನೀರು ಹೀರುವುದರಿಂದ ಮೊದಲೇ ನೆನೆಸಿಡುವುದು ಅವಶ್ಯ. ಕಬ್ಬಿಣ ಕಟ್ಟುವ ಕಂಬ, ತೊಲೆಗಳಿಗೆ ಇಂಜಿನಿಯರರ ಸಲಹೆಯಿಲ್ಲದೆ ಇದನ್ನು ಬಳಸಕೂಡದು.

3. ಮೇಲ್ಪದರಕ್ಕೆ 1:2:4 ಮಿಶ್ರಣ ಸಾಕು. 50 ಕಿಲೊ ಚೀಲವೊಂದಕ್ಕೆ ನೀರು 32 ಲೀಟರು ಮೀರಬಾರದು. ಮರಳು ಒದ್ದೆಯಿದ್ದರೆ ಇನ್ನೂ ಕಡಮೆ ಮಾಡಬೇಕು. ಕೆಲಸ ಸಲೀಸಾಗಲೆಂದು ಕೊಡಗಟ್ಟಲೆ ನೀರು ಸುರಿದರೆ ಬಲ ಕುಂದುತ್ತದೆ.

4. ಮರುದಿನವೇ ಮಣ್ಣಿನಿಂದ ಪಾತಿ ಕಟ್ಟಿ ನೀರು ನಿಲ್ಲಿಸಬೇಕು, ಅಥವಾ ಒದ್ದೆ ಗೋಣಿ, ಹುಲ್ಲು ಹೊದಿಸಬೇಕು. ಸಾಮಾನ್ಯ ಸಿಮೆಂಟಿಗೆ ಏಳು ದಿನ ಸಾಕಾದರೆ, ಬೂದಿ ಸಿಮೆಂಟಿಗೆ ಕನಿಷ್ಠ 10 ದಿನ, ಬೇಸಿಗೆಯಲ್ಲಿ 14 ದಿನ ತೇವ ಆರಬಾರದು. ಬಾವಿಯ ನೀರು ಕಡಮೆಯಿರುವ ಬೇಸಿಗೆಗಿಂತ ಮಳೆ ನಿಂತು ಕಾರ್ತೀಕ ಬರುವ ದಿನಗಳು ಈ ಕೆಲಸಕ್ಕೆ ಅನುಕೂಲ.

5. ಅವಸರಪಟ್ಟು ಗಾಡಿ, ಟ್ರ್ಯಾಕ್ಟರು ಹತ್ತಿಸಬಾರದು. 28 ದಿನ ತಾಳಿದರೆ ಒಳಿತು.

ಒಂದು ಲೆಕ್ಕ

20 ಅಡಿ ಉದ್ದ, 20 ಅಡಿ ಅಗಲದ ಕಣಕ್ಕೆ 4 ಅಂಗುಲ ಮೇಲ್ಪದರ ಹಾಕಲು ಸುಮಾರು 24 ಚೀಲ, ಅಂದರೆ 1200 ಕಿಲೊ ಸಿಮೆಂಟು ಬೇಕು. ಅದರಲ್ಲಿ ಶೇಕಡ 30 ಹಾರುಬೂದಿಯಿದ್ದರೆ 360 ಕಿಲೊ ಕ್ಲಿಂಕರ್ ಉಳಿಯುತ್ತದೆ. ಕಿಲೊ ಕ್ಲಿಂಕರಿಗೆ ಸುಮಾರು 0.8 ಕಿಲೊ ಅನಿಲವೆಂದು ಹಿಡಿದರೂ 290 ಕಿಲೊದಷ್ಟು ಅನಿಲ ಗಾಳಿಗೆ ಸೇರುವುದು ತಪ್ಪಿತು.

ಪೈರಿಗೆ ತೆನೆಗಟ್ಟುವಾಗ ನೀರು ತಪ್ಪಿಸಿದರೆ ಏನಾಗುವುದೆಂದು ರೈತರಿಗೆ ಹೇಳಬೇಕಾಗಿಲ್ಲ. ಹೊಸ ಕಣಕ್ಕೂ ಮೊದಲ ಎರಡು ವಾರ ಅಂಥದೇ ಕಾಲವೆಂದು ಭಾವಿಸಿ ನೀರುಣಿಸಿದಲ್ಲಿ, ಬೂದಿ ಬೆರೆತ ಸಿಮೆಂಟು ಬಾಳಿಕೆಯಲ್ಲಿ ಯಾವ ಸಿಮೆಂಟಿಗೂ ಹಿಂದೆ ಬೀಳುವುದಿಲ್ಲ.